ಥರ್ಮಾಕೋಲಿನ ವೀರಗಲ್ಲು

ಬನಶಂಕರಿಗೆ ಮಾತು ಕಡಿಮೆ ಎಂಬುದು ಆಸ್ಟ್ರೇಲಿಯಾದ ಪರ್ತ್‌ನ ಕನ್ನಡದವರಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿಲ್ಲದೆ ಇದ್ದದ್ದು ಇಷ್ಟೇ: ಅವಳು ತಲೆಯಾಡಿಸಿದರೆ ‘ಹೂಂ’ ಎಂದಲ್ಲ, ‘ಕೇಳಿಸಿತು’ ಎಂದು ಮಾತ್ರ ಅರ್ಥ. ಕೇಳಿಸಿದ್ದನ್ನು ಒಪ್ಪಿದಳೋ ಇಲ್ಲವೋ ಎಂದು ವಿಚಾರಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಹದಿಮೂರು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಮೈಸೂರಿನಿಂದ ಬಂದವಳು. ಅವರ ಬಡಾವಣೆ ಥಾರ್ನ್ಲಿಯ ಶಾಲೆಯಲ್ಲಿ ಅವಳು ಬಾಯಿ ತೆರೆದಾಗಲೆಲ್ಲ ಅದೇ ಮಾತು, ಅದೇ ರಾಗದಲ್ಲಿ, ಹಿಂದಿನ ಸಾಲಿನಿಂದ ವಾಪಸ್ಸು ಬರುತ್ತಿತ್ತು. ಮೊದಲು ಬಾಯಿ ಮುಚ್ಚಿದಳು, ಹತ್ತನೆಯ ತರಗತಿ ಮುಗಿದ ಮೇಲೆ ಶಾಲೆಯನ್ನೇ ಬಿಟ್ಟಳು. ಅಪ್ಪ ಚಂದ್ರಮೌಳಿ ಗಣಿ ಕಂಪನಿಯಲ್ಲಿ ಇಂಜಿನಿಯರು. ಯಾರ ಮನೆಗೆ ಊಟಕ್ಕೆ ಹೋದರೂ, ‘ಮಗಳು ಏನು ಓದ್ತಿದಾಳೆ ಸಾರ್’ ಎಂಬ ಪ್ರಶ್ನೆ ಏಳುವ ಮೊದಲೇ ಕ್ರಿಕೆಟ್ಟಿನ ಮಾತು ತೆಗೆಯುವುದನ್ನು ಅವರು ರೂಢಿ ಮಾಡಿಕೊಂಡಿದ್ದರು.

ಅವಳು ಸೇರಿದ್ದು ಕುರ್ಚಿ, ಶಾಮಿಯಾನ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿಗೆ. ವರ್ಷ ಕಳೆಯುವುದರೊಳಗೆ ಮೈಕ್ ಸೆಟ್ಟಿನ ಕೆಲಸ ಅವಳದೇ ಆಯಿತು. ಕನ್ನಡ ಸಂಘಕ್ಕೂ ಅದು ಅನುಕೂಲವೇ. ‘ಬನು ಇದಾಳಲ್ಲ, ಸೌಂಡ್ ನೋಡ್ಕೊಳ್ತಾಳೆ’ ಎಂದುಬಿಟ್ಟರೆ ಮುಗಿಯಿತು. ಸಭೆ ನಡೆಯುವ ಹಾಲಿನ ಕೊನೆಯಲ್ಲಿ, ಊಟದ ತಟ್ಟೆಗಳ ಪಕ್ಕದಲ್ಲಿ ಅವಳ ಸೌಂಡ್ ಬೋರ್ಡು. ಎಲ್ಲರೂ ವೇದಿಕೆಯ ಕಡೆ ಮುಖ ಮಾಡಿ ಕೂತಿರುವಾಗ ಅವರ ಬೆನ್ನು ನೋಡುತ್ತ ಕೂರುವ ಜಾಗ. ನೋಡುವುದೇ ಇಷ್ಟವಾದವಳಿಗೆ ಇದಕ್ಕಿಂತ ಬೇರೆ ಏನು ಬೇಕು? ಮೈಕಿನಲ್ಲಿ ಅವಳು ಇದುವರೆಗೆ ಆಡಿದ್ದು ‘ಒನ್, ಟೂ, ತ್ರೀ’ ಅಷ್ಟೇ, ಅದೂ ಜನ ಬರುವ ಮೊದಲು.

ಆ ಬೆನ್ನುಗಳಲ್ಲಿ ಒಂದು ಮಾತ್ರ ಕುರ್ಚಿಗೆ ಒರಗುತ್ತಿರಲಿಲ್ಲ. ಅದು ಶಿವರುದ್ರಪ್ಪ ಅಂಕಲ್‌ದು.

ತುಮಕೂರಿನವರು. ಇಪ್ಪತ್ತೆರಡನೆಯ ವಯಸ್ಸಿಗೆ ಕೆನಡಾಕ್ಕೆ ಹೋಗಿ, ಅಲ್ಲಿನ ಸೈನ್ಯ ಸೇರಿ, ಲಾರಿ ಜೀಪುಗಳ ರಿಪೇರಿಯಲ್ಲೇ ಸಾರ್ಜೆಂಟ್ ಆದವರು. ಈಗ ಎಪ್ಪತ್ತು ದಾಟಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಕ್ಕಳಿದ್ದ ಕಡೆ ಬಂದಿದ್ದರು. ಕೆಲವು ಕಾಲ ಅಡಿಲೇಡಿನಲ್ಲಿ ದೊಡ್ಡ ಮಗನ ಮನೆ, ಕೆಲವು ಕಾಲ ಬ್ರಿಸ್ಬೇನಿನಲ್ಲಿ ಚಿಕ್ಕವನ ಮನೆ, ಈಗ ಪರ್ತ್‌ನ ಎಲೆನ್‌ಬ್ರೂಕಿನಲ್ಲಿ ಮಗಳು ಜ್ಯೋತ್ಸ್ನಾಳ ಮನೆ. ಸಂಘದಲ್ಲಿ ಅವರಿಗೆ ‘ಕೆನಡಾ ಅಂಕಲ್’ ಎಂದೇ ಹೆಸರು. ‘ಅಂಕಲ್, ಕೆನಡಾದಲ್ಲಿ ಸೈನ್ಯ ಬೇರೆ ಇದೆಯಾ? ಯಾರ ಮೇಲೆ ಯುದ್ಧ, ಹಿಮಕರಡಿ ಮೇಲಾ?’ ಎಂದು ಯಾರಾದರೂ ಕೇಳಿದರೆ ಅವರೂ ನಗುತ್ತಿದ್ದರು. ನಗುವಾಗ ಅವರ ಕಣ್ಣು ನಗುತ್ತಿರಲಿಲ್ಲ ಎಂಬುದನ್ನು ಬನು ಹಿಂದಿನಿಂದಲ್ಲ, ಒಮ್ಮೆ ಪಕ್ಕದಿಂದ ನೋಡಿದ್ದಳು.

ಆ ವರ್ಷ ರಾಜ್ಯೋತ್ಸವಕ್ಕೂ ದೀಪಾವಳಿಗೂ ಸೇರಿಸಿ ಒಂದೇ ಕಾರ್ಯಕ್ರಮ ಎಂದು ಸಂಘ ತೀರ್ಮಾನಿಸಿತು. ನವೆಂಬರ್ ಹನ್ನೊಂದು, ಶನಿವಾರ, ಥಾರ್ನ್ಲಿಯ ಹಾಲಿನಲ್ಲಿ. ಮಕ್ಕಳದೊಂದು ನಾಟಕ: ಊರಿನ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತ ವೀರನ ಕಥೆ. ವೇದಿಕೆಯ ನಡುವೆ ಆಳೆತ್ತರದ ವೀರಗಲ್ಲು ಬೇಕು. ಕೈಕೆಲಸ ಬಲ್ಲವರು ಅಂಕಲ್. ಹಾಗಾಗಿ ಅದು ಅವರ ಪಾಲಿಗೆ ಬಂತು.

ಫ್ರಿಜ್ಜುಗಳ ಪೆಟ್ಟಿಗೆಯಿಂದ ತೆಗೆದ ಥರ್ಮಾಕೋಲು ಅಂಟಿಸಿ, ಬನುವಿನ ಅಂಗಡಿಯ ಹಿತ್ತಲಲ್ಲಿ ಅವರು ಕೆತ್ತುತ್ತಿದ್ದರು. ಕಾಯಿಸಿದ ತಂತಿ ಥರ್ಮಾಕೋಲಿನಲ್ಲಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತಿತ್ತು. ಕೆಳಗಿನ ಅಂಕಣದಲ್ಲಿ ವೀರ ಹೋರಾಡುತ್ತಿದ್ದಾನೆ. ನಡುವೆ ಅಪ್ಸರೆಯರು ಅವನನ್ನು ತೋಳು ಹಿಡಿದು ಮೇಲೆ ಒಯ್ಯುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಬನು ಬೂದು ಬಣ್ಣ ಹಚ್ಚುತ್ತಿದ್ದಳು.

“ಮುಖ ಯಾಕೆ ಅಂಕಲ್ ಇಷ್ಟು ಚಿಕ್ಕ ಹುಡುಗನ ಥರ?” ಎಂದಳು. ಅವರ ಹತ್ತಿರ ಅವಳಿಗೆ ಮಾತು ಬರುತ್ತಿತ್ತು. ಉತ್ತರಕ್ಕೆ ಆತುರಪಡಿಸದ ಮನುಷ್ಯ.

“ಚಿಕ್ಕೋನೇ ಇದ್ನಲ್ಲಮ್ಮ. ನಿನ್ನ ವಯಸ್ಸು,” ಎಂದರು. ತಂತಿ ಆರಲು ಬಿಟ್ಟರು. “ಲೂಕ್ ಅಂತ. ಲೂಕ್ ಪೆಲ್ಟಿಯೆ. ನಮ್ಮ ಟುಕಡಿಯ ಡ್ರೈವರ್ರು. ಬೋಸ್ನಿಯಾದಲ್ಲಿ ಶಾಂತಿ ಕಾಯೋಕೆ ಅಂತ ಕಳಿಸಿದ್ರು ನಮ್ಮನ್ನ. ನಮ್ಮ ಯುದ್ಧ ಅಲ್ಲ ಅದು. ಮನೆಯಿಂದ ನನಗೆ ಚಟ್ನಿಪುಡಿ ಬರ್ತಿತ್ತು. ಆ ಹುಡುಗ ಅದನ್ನ ಬ್ರೆಡ್ಡಿಗೂ ಹಾಕ್ಕೊಳ್ಳೋನು, ಮೊಟ್ಟೆಗೂ ಹಾಕ್ಕೊಳ್ಳೋನು. ಕನ್ನಡ ಕಲಿಸು ಅಂದ. ಒಂದೇ ಮಾತು ಕಲಿಸಿದೆ, ‘ಊಟ ಆಯ್ತಾ’. ಆಮೇಲೆ ಅದನ್ನೇ ಎಲ್ಲರಿಗೂ ಕೇಳಿದ್ದೇ ಕೇಳಿದ್ದು. ತಪಾಸಣೆಗೆ ಬಂದಿದ್ದ ಜನರಲ್‌ಗೂ ಕೇಳಿದ.”

ಬನು ನಕ್ಕಳು.

“ಒಂದು ಊರಿಗೆ ಹಿಟ್ಟಿನ ಮೂಟೆ ಒಯ್ತಿದ್ವಿ. ಅವನ ಲಾರಿ ಮುಂದೆ, ನನ್ನದು ಹಿಂದೆ. ನೆಲಬಾಂಬು.” ಅಂಕಲ್ ಕಲ್ಲಿನ ಕೆಳಗಿನ ಅಂಕಣದ ಮೇಲೆ ಬೆರಳಾಡಿಸಿದರು. “ಇವನು ತನ್ನೂರಿನ ದನಕ್ಕೆ ಸತ್ತ. ಅವನು ಹೆಸರು ಹೇಳೋಕೂ ಬಾರದ ಯಾವುದೋ ಊರಿನ ರೊಟ್ಟಿಗೆ ಸತ್ತ. ಈಗ ಮೂವತ್ತು ವರ್ಷ.”

ನವೆಂಬರ್ ಹನ್ನೊಂದರ ಬೆಳಗ್ಗೆ ಹನ್ನೊಂದು ಗಂಟೆಗೆ ಸತ್ತ ಸೈನಿಕರಿಗಾಗಿ ಮೌನವಾಗಿ ನಿಲ್ಲುತ್ತಾರೆ ಎಂಬುದು ಬನುವಿಗೆ ಶಾಲೆಯಿಂದಲೇ ಗೊತ್ತಿತ್ತು. ಅಂಕಲ್ ಅಂಗಿಯ ಎಡಗಡೆ, ಎದೆಯ ಮೇಲೆ, ಆ ಸೈನಿಕರ ನೆನಪಿಗೆ ತೊಡುವ ಕೆಂಪು ಗಸಗಸೆ ಹೂವಿನ ಬಿಲ್ಲೆ ಚುಚ್ಚಿಕೊಂಡಿದ್ದರು. ಕೆನಡಾದ್ದು. ಅದರ ಪಿನ್ನು ನೆಟ್ಟಗೆ, ಕೊಕ್ಕೆಯೇ ಇಲ್ಲ. ಗಳಿಗೆಗೊಮ್ಮೆ ಬಿದ್ದುಹೋಗುತ್ತಿತ್ತು, ಅವರು ಗಳಿಗೆಗೊಮ್ಮೆ ಹುಡುಕುತ್ತಿದ್ದರು. “ಇಡೀ ದೇಶ ಇದನ್ನ ಬೈಯುತ್ತೆ. ಬದಲಾಯಿಸೋರು ಯಾರೂ ಇಲ್ಲ,” ಎಂದರು.

ಆ ದಿನ ಹನ್ನೊಂದು ಗಂಟೆಗೆ ಅವರು ಎಲ್ಲಿದ್ದರೂ ನಿಲ್ಲುತ್ತಿದ್ದರು. ಅಡಿಲೇಡಿನಲ್ಲಿ ಟ್ರಾಮಿನೊಳಗೆ ನಿಂತಿದ್ದರು. ಬ್ರಿಸ್ಬೇನಿನಲ್ಲಿ, ಸನ್ನಿಬ್ಯಾಂಕಿನ ಚೀನಾ ತರಕಾರಿ ಅಂಗಡಿಯ ಮುಂದೆ, ಕೈಯಲ್ಲಿ ಕೊತ್ತಂಬರಿ ಕಟ್ಟು ಹಿಡಿದು ನಿಂತಿದ್ದರು. “ಇಲ್ಲಿನವರದು ಒಂದೇ ನಿಮಿಷ. ನಮ್ಮದು ಎರಡು. ಒಂದು ನಿಮಿಷ ಎಲ್ಲ ನನ್ನ ಜೊತೆ ನಿಂತ್ರು. ಆಮೇಲೆ ಹೊರಟ್ರು, ನಾನು ನಿಂತೇ ಇದ್ದೆ. ಪಾಪ, ಆ ಅಂಗಡಿಯ ಹೆಂಗಸು ನನಗೇನೋ ಆಗಿದೆ ಅಂತ ಓಡಿ ಬಂದು ಕುರ್ಚಿ ಹಾಕಿದ್ಲು,” ಎಂದರು. “ಎರಡನೇ ನಿಮಿಷಾನೇ ಕಷ್ಟ ಕಣಮ್ಮ. ಮೊದಲನೇದು ಯಾರು ಬೇಕಾದ್ರೂ ನಿಂತ್ಬಿಡ್ತಾರೆ.”

ಸ್ವಲ್ಪ ಹೊತ್ತು ಕೆತ್ತಿದರು. ಆಮೇಲೆ, ಕಲ್ಲಿಗೆ ಹೇಳುವವರಂತೆ ಹೇಳಿದರು. “ಅವನ ತಾಯಿ ಪ್ರತಿ ವರ್ಷ ಆ ದಿನ ಅವಳ ಊರಿನ ಜನರ ಮುಂದೆ ಮಗನ ಹೆಸರು ಹೇಳ್ತಿದ್ಲು. ಹೇಳಿಬಿಟ್ಟು ನನಗೆ ಫೋನ್ ಮಾಡ್ತಿದ್ಲು. ಈ ವರ್ಷ ಹೋಗ್ಬಿಟ್ಲು. ಹೋಗೋ ಮುಂಚೆ, ‘ರುಡಿ, ಇನ್ನು ನೀನು ನಿನ್ನ ಊರಲ್ಲಿ ಹೇಳು’ ಅಂದ್ಲು. ನನ್ನನ್ನ ಅಲ್ಲಿ ರುಡಿ ಅಂತಿದ್ರು. ಹೂಂ ಅಂದ್ಬಿಟ್ಟೆ. ಆಮೇಲೆ ಯೋಚ್ನೆ ಬಂತು. ನನ್ನ ಊರು ಯಾವುದು? ತುಮಕೂರಲ್ಲಿ ನನ್ನ ಗುರುತು ಹಿಡಿಯೋರಿಲ್ಲ. ಮಕ್ಕಳ ಮನೆಗೆ ನಾನು ನೆಂಟ. ‘ಊಟ ಆಯ್ತಾ’ ಅಂತ ನನ್ನ ಕೇಳೋ ಜನ ಸೇರೋದು ನಿಮ್ಮ ಈ ಬಾಡಿಗೆ ಹಾಲಲ್ಲಿ. ಇದೇ ನನ್ನೂರು ಅಂದ್ಕೊಂಡೆ.”

ಸಂಘದ ಅಧ್ಯಕ್ಷ ರಮಾಕಾಂತ್ ಕಲ್ಲು ನೋಡಲು ಬಂದದ್ದು ಆಗಲೇ. ಬೆಂಗಳೂರಿನವನು, ಸಾಫ್ಟ್‌ವೇರಿನಲ್ಲಿ ದೊಡ್ಡ ಹುದ್ದೆ, ಕೆಟ್ಟವನಲ್ಲ. ಎಲ್ಲರನ್ನೂ ನಗಿಸುತ್ತ ಕೆಲಸ ಮಾಡಿಸುವವನು. ಕಲ್ಲಿನ ಸುತ್ತ ಒಂದು ಸುತ್ತು ಬಂದು ಫೋಟೋ ತೆಗೆದುಕೊಂಡ.

“ಸೂಪರ್ ಅಂಕಲ್. ಹಂಪಿಯಿಂದ ಕದ್ಕೊಂಡು ಬಂದಂಗಿದೆ.”

“ರಮಾಕಾಂತ್, ಒಂದು ಕೇಳ್ತೀನಿ,” ಎಂದರು ಅಂಕಲ್. “ಆವತ್ತು ಹನ್ನೊಂದು ಗಂಟೆಗೆ ಎರಡು ನಿಮಿಷ ಮೌನ ಇಡೋಣ. ಒಂದು ಹೆಸರು ಹೇಳ್ಬೇಕು. ಅಷ್ಟೇ.”

ರಮಾಕಾಂತನ ನಗು ಸ್ವಲ್ಪ ಪಕ್ಕಕ್ಕೆ ಸರಿಯಿತು. “ಅಂಕಲ್, ತಪ್ಪು ತಿಳ್ಕೋಬೇಡಿ. ಆವತ್ತು ನೀರು ತುಂಬೋ ಹಬ್ಬ, ಮಾರನೇ ದಿನ ನರಕ ಚತುರ್ದಶಿ. ಹಬ್ಬದ ದಿನ ಶ್ರದ್ಧಾಂಜಲಿ ಇಟ್ರೆ ಜನ ಅಪಶಕುನ ಅಂತಾರೆ. ಅದೂ ನಮ್ಮೋನಲ್ಲ. ಇಲ್ಲಿನ ಮಾಜಿ ಸೈನಿಕರ ಕ್ಲಬ್ಬಿನಲ್ಲಿ ಮಾಡೇ ಮಾಡ್ತಾರಲ್ಲ, ಜ್ಯೋತ್ಸ್ನಾ ಡ್ರಾಪ್ ಮಾಡ್ತಾಳೆ. ಮಧ್ಯಾಹ್ನ ಊಟಕ್ಕೆ ನಮ್ಮಲ್ಲಿಗೆ ಬಂದ್ಬಿಡಿ. ಗಸಗಸೆ ಪಾಯಸ ಇದೆ.”

“ಹಾಗಾದ್ರೆ ಇದೇನು?” ಅಂಕಲ್ ಕಲ್ಲು ತೋರಿಸಿದರು.

“ಇದು ಕಲ್ಚರ್ ಅಂಕಲ್.”

“ಓ. ಸತ್ತು ಎಂಟುನೂರು ವರ್ಷ ಆದ್ರೆ ಕಲ್ಚರ್ರು. ಮೂವತ್ತು ವರ್ಷ ಆದ್ರೆ ಸೂತಕ.”

ರಮಾಕಾಂತ್ ದೊಡ್ಡದಾಗಿ ನಕ್ಕು ಅವರ ಭುಜ ತಟ್ಟಿದ. ಹೊರಡುವಾಗ ಬನುವನ್ನು ಪಕ್ಕಕ್ಕೆ ಕರೆದು, “ನೋಡಮ್ಮ, ಅಂಕಲ್ ನಿನ್ನ ಹತ್ರ ಏನಾದ್ರೂ ಹೇಳ್ಬಹುದು. ಪ್ರೋಗ್ರಾಂ ಎಲ್ಲೂ ನಿಲ್ಲಬಾರದು. ಆಯ್ತಾ?” ಎಂದ.

ಬನು ತಲೆಯಾಡಿಸಿದಳು.

ಅಂಕಲ್ ಅವಳ ಹತ್ತಿರ ಏನೂ ಹೇಳಲಿಲ್ಲ. “ಹೋಗ್ಲಿ ಬಿಡಮ್ಮ. ನಾನು ಹಿಂದೆ ಬಾಗಿಲ ಹತ್ರ ನಿಂತ್ಕೋತೀನಿ. ಮನಸ್ಸಲ್ಲೇ ಹೇಳ್ಕೋತೀನಿ,” ಎಂದರು. ಹೂವು ಮತ್ತೆ ಬಿದ್ದಿತ್ತು. ಮಂಡಿಯೂರಿ ಅದನ್ನು ಹುಡುಕುತ್ತಿದ್ದ ಅವರ ಬೆನ್ನು ಮೊದಲ ಬಾರಿಗೆ ಬಾಗಿದ್ದನ್ನು ಬನು ಕಂಡಳು. ಶಾಲೆಯಲ್ಲಿ ಅವಳ ಮಾತನ್ನು ಹಿಂದಿನ ಸಾಲಿನವರು ಆಡಿಕೊಂಡಾಗ ಒಬ್ಬರಾದರೂ ‘ಸಾಕು’ ಎನ್ನಲಿ ಎಂದು ಅವಳು ಎಷ್ಟು ಕಾದಿದ್ದಳು. ಯಾರೂ ಅನ್ನಲಿಲ್ಲ. ಕೂಗಿ ಹೇಳುವ ಧೈರ್ಯ ತನಗೂ ಇಲ್ಲ, ಅದು ಗೊತ್ತು. ಆದರೆ ಕೂಗುವುದೇಕೆ, ಇಡೀ ಹಾಲಿನ ಗಂಟಲು ತನ್ನ ಬೆರಳ ಕೆಳಗೇ ಇರುತ್ತದಲ್ಲ ಎಂದುಕೊಂಡಳು.

ಶನಿವಾರ ಹಾಲಿನಲ್ಲಿ ಜನ ತುಂಬಿದ್ದರು. ರೇಷ್ಮೆ ಸೀರೆಗಳು, ಜುಬ್ಬಾಗಳು, ಹಳದಿ ಕೆಂಪು ಶಾಲುಗಳು. ಅಡುಗೆಕೋಣೆಯಿಂದ ಬಿಸಿಬೇಳೆಬಾತಿನ ಪರಿಮಳ. ವೇದಿಕೆಯ ಮೇಲೆ ವೀರಗಲ್ಲು ನಿಜವಾದ ಕಲ್ಲಿನಂತೆಯೇ ನಿಂತಿತ್ತು. ಅದರ ಪಕ್ಕದಲ್ಲಿ ರಟ್ಟಿನ ಕತ್ತಿ ಹಿಡಿದ ಮಕ್ಕಳು ಸಾಲಾಗಿ ನಿಂತು ನಾಟಕ ಶುರುವಾಗಲು ಕಾಯುತ್ತಿದ್ದರು. ಮುಂದಾಳು ರಮಾಕಾಂತನ ಮಗಳು, ಹತ್ತು ವರ್ಷದ ಕೃತಿ, ಮೀಸೆ ಬರೆದುಕೊಂಡಿದ್ದಳು. ಅಪ್ಪನ ಭಾಷಣ ಮುಗಿಯಬೇಕಿತ್ತು. ಅಪ್ಪ ಮುಗಿಸುವಂತಿರಲಿಲ್ಲ.

“ಪ್ರಾಣ ಕೊಟ್ಟವರನ್ನ ಮರೆಯೋ ಜನ ಅಲ್ಲ ನಾವು,” ಎನ್ನುತ್ತಿದ್ದ ರಮಾಕಾಂತ್.

ಅಂಕಲ್ ಹಿಂದಿನ ಬಾಗಿಲ ಹತ್ತಿರ ಎದ್ದು ನಿಂತದ್ದು ಬನುವಿಗೆ ಕಾಣಿಸಿತು. ಕೈಗಳು ಪಕ್ಕಕ್ಕೆ, ಹಿಮ್ಮಡಿಗಳು ಕೂಡಿದ್ದವು. ಗೋಡೆಯ ಗಡಿಯಾರದಲ್ಲಿ ಹನ್ನೊಂದು. ಅವಳು ವೇದಿಕೆಯ ಮೈಕಿನ ಗುಂಡಿಯನ್ನು ಕೆಳಕ್ಕೆ ಜಾರಿಸಿದಳು.

ಮೌನ ಬರುತ್ತದೆ ಎಂದುಕೊಂಡಿದ್ದಳು. ಅವಳ ಲೆಕ್ಕ ತಪ್ಪಿದ್ದು ಅಲ್ಲೇ. ಕನ್ನಡದವರ ಸಭೆಯಲ್ಲಿ ಮೈಕು ನಿಂತರೆ ಜನ ಸುಮ್ಮನಾಗುತ್ತಾರೆಯೇ?

“ಏ, ಕರೆಂಟ್ ಹೋಯ್ತು,” ಎಂದು ಯಾರೋ ಅಂದರು. ಆಸ್ಟ್ರೇಲಿಯಾಕ್ಕೆ ಬಂದು ಇಪ್ಪತ್ತು ವರ್ಷವಾದವರೂ ಒಂದೇ ಗಳಿಗೆಯಲ್ಲಿ ಮೈಸೂರಿನ ಟೌನ್‌ಹಾಲಿಗೆ ವಾಪಸ್ಸಾದರು. ಹುಡುಗರು ‘ಓ’ ಎಂದು ಎಳೆದರು. ಒಬ್ಬ ಸಿಳ್ಳೆ ಹಾಕಿದ. ಹೆಂಗಸರು ಪಕ್ಕಕ್ಕೆ ತಿರುಗಿ ಅರ್ಧಕ್ಕೆ ನಿಂತಿದ್ದ ಮಾತು ಮುಂದುವರಿಸಿದರು. ಫ್ಯಾನು ತಿರುಗುತ್ತಿದೆ, ದೀಪ ಉರಿಯುತ್ತಿದೆ, ಅದು ಯಾರಿಗೂ ಕಾಣಲಿಲ್ಲ. ರಮಾಕಾಂತ್ ಮೈಕು ತಟ್ಟಿ ‘ಹಲೋ, ಹಲೋ’ ಎನ್ನುತ್ತಿದ್ದ. ಅಂಕಲ್ ಸುತ್ತ ಸಂತೆಯಾಯಿತು. ಅವರು ಕದಲಲಿಲ್ಲ. ತಟ್ಟೆ ತೆಗೆದುಕೊಳ್ಳಲು ಬಂದವರೊಬ್ಬರು, “ಸ್ವಲ್ಪ ಪಕ್ಕಕ್ಕೆ ಬನ್ನಿ ಅಂಕಲ್,” ಎಂದರು.

ಬನು ಗುಂಡಿಯ ಮೇಲೆ ಬೆರಳಿಟ್ಟಳು. ಗುಂಡಿ ಮೇಲೆತ್ತಿದರೆ ಎಲ್ಲ ಮೊದಲಿನಂತಾಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಬೋರ್ಡಿನ ಪಕ್ಕದಲ್ಲಿ ‘ಒನ್, ಟೂ, ತ್ರೀ’ ಹೇಳುವ ಚಿಕ್ಕ ಮೈಕು ಇತ್ತು. ಅದನ್ನೇ ಎತ್ತಿಕೊಂಡಳು.

“ಕರೆಂಟ್ ಹೋಗಿಲ್ಲ. ನಾನೇ ಆಫ್ ಮಾಡಿದೀನಿ.”

ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಅಷ್ಟು ವರ್ಷ ಬೆನ್ನು ಮಾತ್ರ ನೋಡಿದವಳ ಮುಂದೆ ಈಗ ಮುಖಗಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು.

“ಇವತ್ತು ಸತ್ತ ಸೈನಿಕರ ದಿನ. ಶಿವರುದ್ರಪ್ಪ ಅಂಕಲ್ ಕೆನಡಾದ ಸೈನ್ಯದಲ್ಲಿದ್ರು. ಅವರ ಜೊತೆ ಒಬ್ಬ ಹುಡುಗ ಇದ್ದ. ಹಸಿದೋರಿಗೆ ಹಿಟ್ಟು ಒಯ್ಯೋವಾಗ ಸತ್ತ. ಅವನಿಗೆ ಕನ್ನಡದಲ್ಲಿ ಒಂದೇ ಮಾತು ಬರ್ತಿತ್ತು. ‘ಊಟ ಆಯ್ತಾ’ ಅಂತ.” ಉಸಿರು ತೆಗೆದುಕೊಂಡಳು. “ಅವನ ಹೆಸರು ಅಂಕಲ್ ಹೇಳ್ತಾರೆ. ಆಮೇಲೆ ಎರಡು ನಿಮಿಷ ಯಾರೂ ಮಾತಾಡಬಾರದು. ಅಲ್ಲೀವರೆಗೂ ನಾನು ಮೈಕ್ ಕೊಡಲ್ಲ.”

“ಬನು, ಏನಿದು,” ಎಂದು ವೇದಿಕೆಯಿಂದ ರಮಾಕಾಂತ್ ಕೂಗಿದ. ಮೈಕಿಲ್ಲದ ಅವನ ದನಿ ಅರ್ಧ ದಾರಿಗೇ ಬಿದ್ದುಹೋಯಿತು.

ಅವಳು ಮೈಕನ್ನು ಅಂಕಲ್ ಮುಂದೆ ಹಿಡಿದಳು. ಅವರು ಒಮ್ಮೆ ಅವಳ ಮುಖ ನೋಡಿದರು. ಆಮೇಲೆ ಅವಳು ಎಂದೂ ಕೇಳದ ದನಿಯಲ್ಲಿ, ಕವಾಯತಿನ ಮೈದಾನದ ದನಿಯಲ್ಲಿ ಹೇಳಿದರು.

“ಲೂಕ್ ಪೆಲ್ಟಿಯೆ.”

ಮೊದಲು ಕದಲಿದ್ದು ವೇದಿಕೆಯ ಮೇಲಿನ ಮಕ್ಕಳು. ಇಲ್ಲಿನ ಶಾಲೆಯಲ್ಲಿ ವರ್ಷವೂ ಇದೇ ದಿನ ನಿಂತು ಅಭ್ಯಾಸವಾದವರು. ಹೇಳಿಕೊಡಬೇಕಾಗಲೇ ಇಲ್ಲ. ರಟ್ಟಿನ ಕತ್ತಿ ಕೆಳಗಿಟ್ಟು, ಕೈಕಟ್ಟಿ ತಲೆ ತಗ್ಗಿಸಿದರು. “ಡ್ಯಾಡ್, ಶ್ಶ್,” ಎಂದಳು ಕೃತಿ. “ಯೂ ಹ್ಯಾವ್ ಟು ಸ್ಟಾಪ್ ಟಾಕಿಂಗ್.” ರಮಾಕಾಂತ್ ಮಾತು ನಿಲ್ಲಿಸಿದ. ಮಕ್ಕಳು ನಿಂತ ಮೇಲೆ ಅಪ್ಪ ಅಮ್ಮಂದಿರಿಗೆ ಕೂತಿರಲು ಹೇಗೋ ಆಯಿತು. ಕುರ್ಚಿಗಳು ಒಂದೊಂದಾಗಿ ಸದ್ದು ಮಾಡಿದವು. ಎಲ್ಲರೂ ಎದ್ದರು ಎಂದೇನಿಲ್ಲ. ಮುಂದಿನ ಸಾಲಿನ ಇಬ್ಬರು ಹಿರಿಯರು ಕಾಲ ಮೇಲೆ ಕಾಲು ಹಾಕಿ ಕೂತೇ ಇದ್ದರು. ಆದರೆ ಸುಮ್ಮನಿದ್ದರು.

ಒಂದು ನಿಮಿಷ ಕಳೆಯಿತು. ಮಕ್ಕಳು ತಲೆಯೆತ್ತಿದರು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಜನ ನಿರಾಳವಾಗಿ ಕೂರಲು ಹೊರಟರು, ಯಾರೋ ಕೆಮ್ಮಿದರು, ಬಳೆಗಳು ಸದ್ದಾದವು. ರಮಾಕಾಂತ್ ಕೈಯೆತ್ತಿ, ಮೈಕು ಹಾಕು ಎಂದು ಸನ್ನೆ ಮಾಡಿದ. ಬನು ತಲೆಯಾಡಿಸಲಿಲ್ಲ.

ಆಗ ಚಂದ್ರಮೌಳಿ ಎದ್ದು ಬಂದರು. ಸಾಲುಗಳ ನಡುವೆ ಮಗಳ ಕಡೆಗೆ ನಡೆದು ಬರುವಷ್ಟು ಹೊತ್ತೂ ಎಲ್ಲರ ಕಣ್ಣು ಅವರ ಮೇಲಿತ್ತು, ಕ್ರಿಕೆಟ್ಟಿನ ಮಾತು ಈಗ ನೆರವಿಗೆ ಬರುವಂತಿರಲಿಲ್ಲ. ಬೋರ್ಡಿನ ಹತ್ತಿರ ಬಂದು ಪಿಸುಗುಟ್ಟಿದರು. “ಸಾಕು. ಆನ್ ಮಾಡು. ಮರ್ಯಾದೆ ಹೋಗ್ತಿದೆ.”

ಅವರ ಕೈ ಗುಂಡಿಗೆ ಬಂತು. ಬನು ಅದರ ಮೇಲೆ ತನ್ನ ಅಂಗೈ ಮುಚ್ಚಿದಳು.

“ಆಗಲ್ಲಪ್ಪ. ಇನ್ನೊಂದು ನಿಮಿಷ ಇದೆ.”

ಅಪ್ಪ ಅವಳನ್ನು ನೋಡಿದರು. ಈ ಹುಡುಗಿ ತನಗೆ ‘ಆಗಲ್ಲ’ ಎಂದದ್ದು ಇದು ಎರಡನೆಯ ಸಲ. ಮೊದಲ ಸಲ ಶಾಲೆಗೆ ಹೋಗುವುದಿಲ್ಲ ಎಂದಾಗ ಅವಳು ಅಳುತ್ತಿದ್ದಳು. ಈಗ ಅಳುತ್ತಿರಲಿಲ್ಲ. ಅವರು ಕೈ ತೆಗೆದರು. ವಾಪಸ್ಸು ಹೋಗಿ ಕೂರುವುದು ಅವಮಾನ ಅನ್ನಿಸಿತೋ ಏನೋ, ಅಲ್ಲೇ ಮಗಳ ಪಕ್ಕದಲ್ಲಿ, ಶಿವರುದ್ರಪ್ಪನವರ ಸಾಲಿನಲ್ಲೇ ನಿಂತುಕೊಂಡರು. ಗೌರವಕ್ಕೆ ನಿಂತರೋ ಬೇರೆ ದಾರಿಯಿಲ್ಲದೆ ನಿಂತರೋ, ಹಾಲಿನವರಿಗೆ ಕಂಡದ್ದು ಮಾತ್ರ ಮೂವರು ನಿಂತಿರುವುದು. ಕೂರಲು ಹೊರಟವರು ಮತ್ತೆ ನೆಟ್ಟಗಾದರು.

ಎರಡನೆಯ ನಿಮಿಷ ನಿಜಕ್ಕೂ ಕಷ್ಟದ್ದು. ಫ್ಯಾನಿನ ಸದ್ದು, ಅಡುಗೆಕೋಣೆಯ ಪಾತ್ರೆಯ ಕುದಿತ, ದೂರದಲ್ಲಿ ಹೋದ ರೈಲು, ಎಲ್ಲವೂ ಕೇಳಿಸಿದವು. ಅಂಕಲ್‌ರ ತುಟಿ ಅಲುಗುತ್ತಿತ್ತು. ಅವರು ಹೇಳುತ್ತಿದ್ದದ್ದು ಒಂದೇ ಹೆಸರಲ್ಲ ಎಂದು ಬನುವಿಗೆ ಆಗ ತಿಳಿಯಿತು.

ಮುಗಿದ ಮೇಲೆ ಅವಳು ಗುಂಡಿಯನ್ನು ಮೆಲ್ಲಗೆ ಮೇಲೆತ್ತಿದಳು.

ಅಂಕಲ್ ಹಾಲಿನ ನಡುವೆ ನಡೆದು ವೇದಿಕೆ ಹತ್ತಿದರು. ಎದೆಯ ಮೇಲಿನ ಗಸಗಸೆ ಹೂವು ತೆಗೆದು ವೀರಗಲ್ಲಿನ ಕೆಳಗಿನ ಅಂಕಣಕ್ಕೆ ಚುಚ್ಚಿದರು. ಕೆನಡಾದಲ್ಲಿ ಮೌನ ಮುಗಿದ ಮೇಲೆ ಹೂವನ್ನು ಸೈನಿಕನ ಸಮಾಧಿಯ ಮೇಲೆ ಬಿಟ್ಟು ಬರುವ ಪದ್ಧತಿಯಿದೆ. ಯಾವ ಬಟ್ಟೆಯಲ್ಲೂ ನಿಲ್ಲದ ಆ ಪಿನ್ನು ಥರ್ಮಾಕೋಲಿನಲ್ಲಿ ಗಟ್ಟಿಯಾಗಿ ಕೂತಿತು. ಕೆಳಗಿಳಿದು ಬರುವಾಗ ಮುಂದಿನ ಸಾಲಿನಲ್ಲಿ ಕೂತೇ ಇದ್ದ ಹಿರಿಯರಲ್ಲೊಬ್ಬರು ಕಾಲಿಳಿಸಿ, “ಊಟ ಆಯ್ತಾ ಶಿವರುದ್ರಪ್ಪನವರೇ?” ಎಂದರು. ಇನ್ನೂ ಊಟವೇ ಬಡಿಸಿರಲಿಲ್ಲ.

“ಇನ್ನು ಆಗುತ್ತೆ,” ಎಂದರು ಅಂಕಲ್.

ನಾಟಕ ನಡೆಯಿತು, ಪಾಯಸವೂ ಮುಗಿಯಿತು. ವೈರು ಸುತ್ತುತ್ತಿದ್ದ ಬನುವಿನ ಹತ್ತಿರ ರಮಾಕಾಂತ್ ಬಂದ. ಈಗ ನಗುತ್ತಿರಲಿಲ್ಲ. “ಮುಂದಿನ ವರ್ಷ ಸೌಂಡ್‌ಗೆ ಬೇರೆಯವರನ್ನ ನೋಡ್ತೀವಿ.”

“ನೋಡಿ,” ಎಂದಳು. “ಯಾರೇ ಬರ್ಲಿ, ಹನ್ನೊಂದು ಗಂಟೆಗೆ ನಾನು ಕುರ್ಚಿಯಿಂದ ಎದ್ದು ನಿಂತ್ಕೋತೀನಿ. ನನ್ನ ಆಫ್ ಮಾಡೋಕೆ ಗುಂಡಿ ಇಲ್ಲ.”

ಹೂವಿನ ಸಮೇತ ಕಲ್ಲನ್ನು ವ್ಯಾನಿಗೆ ಹಾಕಿಕೊಂಡು ಹೋದಳು. ಅಂಗಡಿಯ ಗೋಡೆಗೆ ಒರಗಿಸಿಟ್ಟಳು. ಅಂಕಲ್ ಬ್ರಿಸ್ಬೇನಿಗೆ ಮಗನ ಮನೆಗೆ ಹೋಗುವ ಮೊದಲು ಬಂದು ಒಮ್ಮೆ ನೋಡಿ ಹೋದರು.

ಯುಗಾದಿ ಹತ್ತಿರ ಬಂದಾಗ ರಮಾಕಾಂತನ ಫೋನ್ ಬಂತು.

“ಬನು, ಆ ಕಲ್ಲು ಇದೆಯಾ? ಸ್ಟೇಜಿಗೆ ಬೇಕಿತ್ತು.”

“ಇದೆ.”

“ಆ ಹೂವೊಂದು ತೆಗೆದು ಕಳಿಸಮ್ಮ. ಹಬ್ಬ ಅಲ್ವಾ.”

“ತೆಗೆಯಲ್ಲ. ಕಲ್ಲು ಬಂದ್ರೆ ಹೂವಿನ ಜೊತೆಗೇ ಬರುತ್ತೆ.”

ಆ ಕಡೆಯಿಂದ ಉತ್ತರವಿಲ್ಲ. ಹಿಂದಿನ ಬನು ಆಗಿದ್ದರೆ ಇಷ್ಟು ಹೊತ್ತಿಗೆ ‘ಆಯ್ತು’ ಎಂದಿರುತ್ತಿದ್ದಳು. ಅವಳು ಫೋನನ್ನು ಕಿವಿಗೆ ಹಿಡಿದು, ಗೋಡೆಗೊರಗಿದ್ದ ಕಲ್ಲನ್ನು ನೋಡುತ್ತ ನಿಂತಳು. ಮೌನ ಅವಳಿಗೆ ಹೊಸದೇನಲ್ಲ. ಎರಡನೆಯ ನಿಮಿಷಕ್ಕೂ ಕಾಯಬಲ್ಲಳು.